ಅಕ್ಕನ ಎದೆಯೊಳಗಿನ ಚುಕ್ಕಿಗಳು

ಇವತ್ತು ಬೆಳಿಗ್ಗೆ ಇಚಲಕರಂಜಿಯಲ್ಲಿ ಬಸ್ಸಿಳಿದಾಗ ನೂಲಿಗೆ ಹಚ್ಚುವ ಗಂಜಿ ಬೇಯುವ ವಾಸನೆ ಮೂಗಿಗೆ ಬಡಿಯಿತು. ಈ ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಗಡಹಿಂಗ್ಲಜದಿಂದ ಬರುವ ನನಗೆ ಮಾತ್ರ ಅದು ನಮ್ಮ ಸುನಂದಕ್ಕನ ಸೀರೆಯ ವಾಸನೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಮಗ್ಗಗಳನ್ನು ಅವಳೇ ನಡೆಸಿದಳು. ನನ್ನನ್ನು ಓದಿಸಿದಳು, ನನ್ನ ಲಗ್ನ ಮಾಡಿದಳು, ತನ್ನದನ್ನು ಮರೆತಳು. ಮರೆತಿದ್ದಾಳೆ ಅಂತ ನಾವು ತಿಳಿದುಕೊಂಡಿದ್ದೆವು, ಅಷ್ಟೇ.

ಕೆಲವು ವರ್ಷಗಳ ಹಿಂದೆ ಅವಳ ತೊಡೆಯಲ್ಲಿ ಗಂಟೊಂದು ಎದ್ದಿತ್ತು. ಮಗ್ಗದ ಮೂಲೆ ಬಡಿದದ್ದು ಅಂತ ಅರಿಸಿನ ಹಚ್ಚಿಕೊಂಡು ತಿರುಗಿದಳು. ಕೊಲ್ಹಾಪುರದಲ್ಲಿ ತೋರಿಸಿದರೆ ಸಾರ್ಕೋಮಾ ಅಂದರು, ಮಾಂಸದಲ್ಲಿ, ಕೊಬ್ಬಿನಲ್ಲಿ ಹುಟ್ಟುವ ಕ್ಯಾನ್ಸರ್. ಆಪರೇಶನ್, ರೇಡಿಯೇಶನ್ ಎಲ್ಲ ಮುಗಿದು, ಸ್ವಲ್ಪ ಕುಂಟುತ್ತ ಮತ್ತೆ ಮಗ್ಗದ ಮುಂದೆ ನಿಂತಳು. ಆಗಲೇ ದಾನೋಳಿಯ ಜಿನ್ನಪ್ಪನವರ ಸಂಬಂಧ ಬಂತು. ಕಬ್ಬು ಬೆಳೆಯುವ ಮನುಷ್ಯ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಐವತ್ತಕ್ಕೆ ಹತ್ತಿರವಾದ ಅಕ್ಕ ನಾಚಿದ್ದನ್ನು ಮೊದಲ ಸಲ ನೋಡಿದೆ. ಎಲ್ಲಿ ಕಣ್ಣಿಡಬೇಕೋ ತಿಳಿಯದೆ ಫ್ಯಾನು ನೋಡುತ್ತ ಕುಳಿತೆ.

ಈ ಕ್ಯಾನ್ಸರ್ ತಿರುಗಿ ಬಂದರೆ ಹೆಚ್ಚಾಗಿ ಶ್ವಾಸಕೋಶಕ್ಕೇ ಬರುತ್ತದಂತೆ, ಅದಕ್ಕೇ ಆಗಾಗ ಎದೆಯ ಸ್ಕ್ಯಾನ್. ಲಗ್ನ ಗೊತ್ತಾದ ಮೇಲಿನ ಸ್ಕ್ಯಾನಿನಲ್ಲಿ ಸಣ್ಣ ಚುಕ್ಕಿಗಳು ಕಂಡವು.

"ಕ್ಯಾನ್ಸರೇನ್ರಿ?" ಅಂತ ಕೇಳಿದೆ.

"ಇರಬಹುದು," ಅಂದರು ಡಾಕ್ಟರು. "ಹಳೇ ಟಿ.ಬಿ. ಕಲೆ ಇರಬಹುದು. ಇಷ್ಟ ವರ್ಷ ಹತ್ತಿ ಧೂಳ ಕುಡದಾರ, ಅದೂ ಇರಬಹುದು. ಸೂಜಿ ಹಾಕಿ ನೋಡಾಕ ಭಾಳ ಸಣ್ಣವ ಅದಾವು." ಆಮೇಲೆ ಮರಾಠಿಗೆ ಹೊರಳಿ, "ಥೋಡಂ ಥಾಂಬೂಯಾ," ಸ್ವಲ್ಪ ಕಾಯೋಣ, ಅಂದರು. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್.

ಕಾಯುವುದು ಅಂದರೆ ಏನು ಮಾಡುತ್ತ ಕಾಯುವುದು? ನೀವೇ ಹೇಳಿ. ಅಳಬೇಕೋ, ಲಗ್ನದ ಜವಳಿ ತರಬೇಕೋ? ರೋಗ ಇದ್ದರೆ ಔಷಧವಾದರೂ ಇರುತ್ತದೆ. 'ಇರಬಹುದು' ಅನ್ನುವುದಕ್ಕೆ ಏನು ಕೊಡುತ್ತಾರೆ? ನಾನು ಮೊಬೈಲಿನಲ್ಲಿ ಓದಿ ಓದಿ, ಬೆಳಿಗ್ಗೆ ಅಕ್ಕನನ್ನು ಬದುಕಿಸಿ ಸಂಜೆಗೆ ಸಾಯಿಸುತ್ತಿದ್ದೆ. ಕೊನೆಗೆ ನನ್ನ ಹೆಂಡತಿ ಮೊಬೈಲು ಕಸಿದುಕೊಂಡು ಹಿಟ್ಟಿನ ಡಬ್ಬಿಯಲ್ಲಿ ಇಟ್ಟಳು.

ಜಿನ್ನಪ್ಪನವರಿಗೆ ಹೇಳಬೇಕೋ ಬೇಡವೋ ಅಂತ ನಾವು ತಲೆ ಕೆಡಿಸಿಕೊಂಡಿದ್ದಾಗ ಅಕ್ಕ ಅವರನ್ನೇ ಮನೆಗೆ ಕರೆಸಿದಳು.

"ಎದ್ಯಾಗ ಚುಕ್ಕಿ ಅದಾವಂತ್ರಿ. ಏನಂತ ಡಾಕ್ಟರಿಗೂ ಗೊತ್ತಿಲ್ಲ. ನೀವು ಬ್ಯಾಡ ಅಂದ್ರ ನನಗ ಸಿಟ್ಟ ಬರಂಗಿಲ್ಲ."

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸುಮ್ಮನಿರಲಾರದೆ ನಾನು ಬಾಯಿ ಹಾಕಿದೆ: "ಮುಂದಿನ ಸ್ಕ್ಯಾನ್ ಆಗೂತನಕ ತಡದ್ರ ಹೆಂಗ್ರಿ, ಅಣ್ಣಾರ?"

"ಬ್ಯಾಡ, ಲಗ್ನ ಮೊದಲ ಆಗ್ಲಿ," ಅಂದರು. "ಸ್ಕ್ಯಾನ್ ಚಲೋ ಬಂದ ಮ್ಯಾಲ ಆದ್ರ, ನಾ ಅದನ್ನ ನೋಡಿ ಹೂಂ ಅಂದಂಗ ಆಗ್ತೈತಿ. ಆಮ್ಯಾಲ ಇವರು ಕೆಮ್ಮಿದಾಗೆಲ್ಲ ನನ್ನ ಮಾರಿ ನೋಡ್ತಾರ."

ಅಕ್ಕ ಎದ್ದು ಒಳಗೆ ಹೋದಳು. ಚಹಾ ತರುತ್ತಾಳೆ ಅಂದುಕೊಂಡೆವು, ಬರಲೇ ಇಲ್ಲ. ಹೋಗಿ ನೋಡಿದರೆ, ಒಲೆ ಹಚ್ಚುವುದನ್ನೇ ಮರೆತು ಹಾಲಿನ ಪಾತ್ರೆಯ ಮುಂದೆ ಕಣ್ಣೊರೆಸುತ್ತ ನಿಂತಿದ್ದಳು.

ಬಸದಿಯಲ್ಲಿ ಲಗ್ನವಾಯಿತು. ಮಗ್ಗ ಬಿಟ್ಟು ಬರಲಾರೆ ಅಂತ ಅಕ್ಕ ಅಂದಳೆಂದು ಜಿನ್ನಪ್ಪನವರೇ ಇಚಲಕರಂಜಿಗೆ ಬಂದರು, ಹೊಲಕ್ಕೆ ಇಲ್ಲಿಂದಲೇ ಮೋಟಾರ್‌ಸೈಕಲ್ ಮೇಲೆ ಹೋಗಿಬರುತ್ತಾರೆ. ಮುಂದಿನ ಸ್ಕ್ಯಾನಿನಲ್ಲಿ ಕೆಲವು ಚುಕ್ಕಿ ಮಾಯವಾಗಿದ್ದವು. ಉಳಿದದ್ದು ಒಂದೇ, ಅದು ಇದ್ದ ಹಾಗೇ ಇತ್ತು. ನಾನು ಮೊದಲೇ ಪೇಢೆ ತಂದಿಟ್ಟುಕೊಂಡಿದ್ದೆ.

"ಇದ್ದಂಗ ಐತಿ ಅಂದ್ರ ಚಲೋ ಏನ್ರಿ?"

"ಚಲೋನ. ಆದ್ರ ಏನೂ ಇಲ್ಲ ಅಂತ ನಾ ಇನ್ನೂ ಹೇಳಂಗಿಲ್ಲ," ಅಂದರು ಡಾಕ್ಟರು.

ಡಬ್ಬಿ ಬಿಚ್ಚಬೇಕೋ ಬಿಡಬೇಕೋ ತಿಳಿಯದೆ ಪೆದ್ದನ ಹಾಗೆ ಹಿಡಿದು ನಿಂತೆ. ಜಿನ್ನಪ್ಪನವರು ಅದನ್ನು ಇಸಿದುಕೊಂಡು, ಒಂದು ಪೇಢೆ ಮುರಿದು, ಅರ್ಧ ಅಕ್ಕನ ಕೈಗಿಟ್ಟು ಅರ್ಧ ತಾವು ತಿಂದರು.

ಇವತ್ತು ಮತ್ತೆ ಸ್ಕ್ಯಾನ್. ಜೊತೆಗೆ ಹೋಗಲೆಂದೇ ಬಂದಿದ್ದೇನೆ. ಅಕ್ಕ ಹೊಸ ಸೀರೆ ಉಟ್ಟು ಜಿನ್ನಪ್ಪನವರ ಜೊತೆ ಹೊರಟು ನಿಂತಿದ್ದಳು.

"ಅಂಜಿಕಿ ಆಗೈತೇನಕ್ಕಾ?"

"ಆಗೈತಿ. ಆದ್ರ ಅಲ್ಲಿಂದ ಮುರಗೂಡಕ್ಕ ಹೋಗೂದೈತಿ. ಇವರ ತಂಗಿ ಮೊಮ್ಮಗಳಿಗೆ ಇವತ್ತ ಹೆಸರ ಇಡ್ತಾರ."

ಸ್ಕ್ಯಾನಿನಲ್ಲಿ ಕೆಟ್ಟದ್ದು ಬಂದರೂ ಹೋಗುತ್ತೀರಾ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೊದಲಿನ ನಾನಾಗಿದ್ದರೆ ಕೇಳಿಯೇ ಬಿಡುತ್ತಿದ್ದೆ. ಅಕ್ಕ ತಾನೇ ನೇಯ್ದ ತೊಟ್ಟಿಲ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಮಣ್ಣ ಹತ್ತೀತು, ಮ್ಯಾಲೆ ಹಿಡಿ," ಅಂದಳು. ಎರಡೂ ಕೈಯಿಂದ ಎತ್ತಿ ಹಿಡಿದುಕೊಂಡು ಅವರಿಬ್ಬರ ಹಿಂದೆ ನಡೆದೆ.