ಯೀಸ್ಟಿಗೆ ಊಟ ಹಾಕಿದ ಮೊಮೊಸೆ-ಸಾನ್

ನಮ್ಮ ಟೋಕಿಯೊ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ಯೀಸ್ಟಿಗೆ ದ್ರಾವಣ ಬೆರೆಸಿಕೊಡುತ್ತಿದ್ದವರು ಮೊಮೊಸೆ ಕಿನು. ಹಸಿದ ಮುಖ ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. ದಿನಾ ಬುಟ್ಟಿ ತುಂಬ ಅನ್ನದ ಉಂಡೆ ತರುತ್ತಿದ್ದರು. ನಾನು ಅಲ್ಲಿ ಕಲಿತದ್ದೆಷ್ಟೋ ಗೊತ್ತಿಲ್ಲ, ದಪ್ಪಗಾಗಿದ್ದಂತೂ ನಿಜ.

ಅಂಥವರಿಗೆ ಇನಾಬಾ ಎಂಬ ಸಂಶೋಧನಾ ವಿದ್ಯಾರ್ಥಿ ಒಪ್ಪಿಸಿದ್ದು ಯೀಸ್ಟನ್ನು ಉಪವಾಸ ಕೆಡವುವ ಕೆಲಸ! ಆಹಾರ ಸಿಗದಾಗ ಯೀಸ್ಟಿನ ಜೀವಕೋಶ ತನ್ನದೇ ಪ್ರೋಟೀನುಗಳನ್ನು ಪುಟ್ಟ ಚೀಲಗಳಲ್ಲಿ ಕಟ್ಟಿ, ಒಡೆಯುವುದಕ್ಕೆಂದು ಒಳಕೋಣೆಗೆ ಸಾಗಿಸುತ್ತದೆ. ಚೀಲಗಳು ಕರಗದೆ ಕಣ್ಣಿಗೆ ಬೀಳಲೆಂದು ಇನಾಬಾ ಬೇರೆಯೇ ತಳಿ ಆರಿಸಿದ್ದ. ಆದರೂ ತಿಂಗಳುಗಟ್ಟಲೆ ಒಂದೂ ಕಾಣಲಿಲ್ಲ. ಶುಕ್ರವಾರದೊಳಗೆ ತೋರಿಸು, ಇಲ್ಲವೇ ವಿಷಯ ಬಿಡು ಎಂದು ಪ್ರೊಫೆಸರು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಬುಧವಾರ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಿದ್ದ ಇನಾಬಾ ಕಿರುಚಿದ. "ಉಪವಾಸ ಇರ್ರೋ ಅಂದ್ರೆ ಮರಿ ಹಾಕ್ತಾ ಕೂತಿವೆಯಲ್ಲ ಇವು!"

"ಹೊಟ್ಟೆಗೆ ಬಿದ್ರೆ ಹಾಕದೆ ಇರ್ತಾವಾ?" ಮೊಮೊಸೆ-ಸಾನ್ ತೊಳೆಯುತ್ತಲೇ ಅಂದರು.

"ಹೊಟ್ಟೆಗೇನು ಬಿತ್ತು?"

"ಒಂದು ಚಿಟಿಕೆ ಪೆಪ್ಟೋನ್ ಪುಡಿ ಕಣಪ್ಪ. ಬೇರೆ ಯೀಸ್ಟಿಗೆಲ್ಲ ಹಾಕ್ತೀವಿ, ಇವೇನು ಪಾಪ ಮಾಡಿದ್ವು? ಯುದ್ಧದ ಕಾಲದಲ್ಲಿ ಬೆಳೆದೋಳು ನಾನು ಇನಾಬಾ-ಕುನ್. ಬರೀ ನೀರಲ್ಲಿ ಬಿಡೋಕೆ ಮನಸ್ಸು ಬರಲಿಲ್ಲ."

ಇನಾಬಾ ಬೈಯಲು ಬಾಯಿ ತೆರೆದ. ಅನ್ನದ ಋಣ ಅಡ್ಡ ಬಂತೇನೋ, ಮುಚ್ಚಿಕೊಂಡ.

ಮರುದಿನ ಅವನೇ ದ್ರಾವಣ ಬೆರೆಸಿದ. ಮಧ್ಯಾಹ್ನದ ಹೊತ್ತಿಗೆ ಕೋಶಗಳೊಳಗೆ ಚೀಲಗಳು ಕುದಿಯುವ ಗಂಜಿಯ ಅಗುಳಿನಂತೆ ಕುಣಿಯುತ್ತಿದ್ದವು. ಇನಾಬಾ ಅವಕ್ಕಿಂತ ಹೆಚ್ಚು ಕುಣಿದ. ಮೊಮೊಸೆ-ಸಾನರ ಕೈಹಿಡಿದು ಎಳೆತಂದು ತೋರಿಸಿದ.

"ಅಯ್ಯೋ, ಸಾಯ್ತಿವೆಯಾ?"

"ಇಲ್ಲಮ್ಮ, ಬದುಕೋಕೇ ಈ ಪಾಡು. ತನ್ನದನ್ನೇ ಒಡೆದು, ಆ ಚೂರುಗಳಿಂದ ಬೇಕಾದ್ದು ಕಟ್ಕೊಳ್ಳುತ್ತೆ. ನಮ್ಮ ಮೈಯಲ್ಲೂ ಹೀಗೇ. ಊಟ ಇಲ್ಲ ಅಂದ್ರೆ ಇನ್ನೂ ಜಾಸ್ತಿ."

"ಮನುಷ್ಯರಲ್ಲೂ?"

"ಮನುಷ್ಯರಲ್ಲೂ."

ಅವರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದರು. ಮೂಗೊರೆಸಿಕೊಂಡರು.

"ಯುದ್ಧ ಸೋತ ವರ್ಷ ನಮ್ಮಮ್ಮ ತನ್ನ ಪಾಲಿನ ಗೆಣಸನ್ನೂ ನಮಗೇ ಬಡಿಸ್ತಿದ್ಳು. ‘ನಂದು ಆಗಲೇ ಆಯ್ತು’ ಅಂತಿದ್ಳು. ನಮಗೆ ಕಾಣದ ಹಾಗೆ ಒಳ್ಳೇದೇನೋ ತಿಂತಾಳೆ ಅಂತ ನಾನು ಮುನಿಸ್ಕೊಂಡಿದ್ದೆ ಕಣಪ್ಪ." ಮತ್ತೆ ಬಗ್ಗಿ ನೋಡಿದರು. "ತಿಂತಿದ್ದಿದ್ದು ತನ್ನನ್ನೇ."