ಮೂರು ಸಲ ಓದಿದ ತಿದ್ದುಪಡಿ

ನಮ್ಮ ಕಂಟ್ರೋಲ್ ರೂಮಿನಲ್ಲಿ ಅವರಿಗೆ ಚಹರೆ ಮಾಸ್ತರ್ ಎಂದೇ ಹೆಸರು. ಕಾಣೆಯಾದವರದೋ ತಲೆಮರೆಸಿಕೊಂಡವರದೋ ಚಹರೆಯನ್ನು ವೈರ್‌ಲೆಸ್‌ನಲ್ಲಿ ಊರಿನ ಎಲ್ಲ ಠಾಣೆಗಳಿಗೂ ಓದಿ ಹೇಳುವುದು ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ. ದುಂಡು ಮುಖ, ಸಾಧಾರಣ ಮೈಕಟ್ಟು, ಎಡಗೆನ್ನೆಯ ಮೇಲೆ ಮಚ್ಚೆ, ಹೀಗೆ ಪ್ರತಿಯೊಂದನ್ನೂ ಮೂರು ಸಲ ಓದಬೇಕು. ಕಳ್ಳನಾದರೂ ಸರಿ, ದಾರಿ ತಪ್ಪಿದ ಅಜ್ಜನಾದರೂ ಸರಿ, ಮಾಸ್ತರರ ದನಿ ಒಂದೇ.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಗಂಡ ಯಾವ ಅಂಗಿ ಹಾಕಿಕೊಂಡು ಹೋದ ಎಂದು ಹೇಳಲಾರದೆ ಹೆಂಡತಿ ತಡವರಿಸಿದರೆ ಫೋನಿನಲ್ಲೇ ಉಗಿಯುತ್ತಿದ್ದರು. ಪಕ್ಕದ ಮೇಜಿನಲ್ಲಿ ಸಂದೇಶ ದಾಖಲು ಮಾಡುವ ನನಗೆ ಮೈ ಉರಿಯುತ್ತಿತ್ತು. ಕಣ್ಣೆದುರೇ ಇರುವವರನ್ನು ದಿನಾ ಯಾರು ನೋಡುತ್ತಾರೆ? ಒಮ್ಮೆ ಹಾಗೆಂದು ಕೇಳಿಯೂಬಿಟ್ಟೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಅವರನ್ನು ಸಾಕಿದ್ದು ಅಕ್ಕ. ತಾಯಿ ಸತ್ತಾಗ ಇವರಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ತಮ್ಮನಿಗಾಗಿ ಮದುವೆಯನ್ನೂ ಬೇಡವೆಂದ ಅಕ್ಕ ಈಗ ತಮ್ಮನ ಹೆಸರನ್ನೇ ಮರೆಯತೊಡಗಿದ್ದರು. ಸೆಖೆಯಿರಲಿ ಚಳಿಯಿರಲಿ, ಕೆಲಸ ಸಿಕ್ಕ ವರ್ಷ ತಮ್ಮ ತಂದುಕೊಟ್ಟ ನೀಲಿ ಸ್ವೆಟರ್ ಮೈಮೇಲೆ ಇರಲೇಬೇಕು.

ಒಂದು ಮಂಗಳವಾರ ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯಾಕೆ ಫೋನ್ ಮಾಡಿದರು. ಬಾಗಿಲು ತೆರೆದೇ ಇದೆ, ಅಕ್ಕ ಎಲ್ಲೂ ಕಾಣುತ್ತಿಲ್ಲ ಎಂದರು. ಮಾಸ್ತರರು ಮರುಮಾತು ಕೇಳಲಿಲ್ಲ. ತಾವೇ ಬರೆದು ತಾವೇ ಓದಿದರು: ವಯಸ್ಸು ಅರವತ್ತೆಂಟು, ಕೋಲು ಮುಖ, ನೀಲಿ ಸ್ವೆಟರ್. ದನಿ ನಡುಗಲಿಲ್ಲ.

ಅರ್ಧ ಗಂಟೆಯಲ್ಲಿ ಬಸ್ ನಿಲ್ದಾಣದ ಪೇದೆ ವೈರ್‌ಲೆಸ್‌ನಲ್ಲಿ ಕರೆದ. ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದಾರೆ, ಹೆಸರು ಹೇಳುತ್ತಿಲ್ಲ, ಬೂದು ಶಾಲು ಹೊದ್ದಿದ್ದಾರೆ, ಕರೆತರಲೇ ಎಂದು ಕೇಳಿದ.

"ಸ್ವೆಟರ್ ಇಲ್ಲ ಅಂದ್ರೆ ನಮ್ಮಕ್ಕ ಅಲ್ಲ ಬಿಡಪ್ಪ," ಎಂದರು ಮಾಸ್ತರರು. "ಅದಿಲ್ದೆ ಅವಳು ಹೊಸ್ತಿಲು ದಾಟಲ್ಲ. ಬೇರೆ ಕಡೆ ನೋಡು."

ಪೇದೆ ಬೇರೆ ಕಡೆ ನೋಡಿದ.

ಸಂಜೆ ಮಾಸ್ತರರ ಜೊತೆ ನಾನೂ ಅವರ ಮನೆಗೆ ಹೋದೆ. ಹಿತ್ತಲ ತಂತಿಯ ಮೇಲೆ ನೀಲಿ ಸ್ವೆಟರ್ ಒಣಗುತ್ತಿತ್ತು. ಬೆಳಿಗ್ಗೆ ಅಕ್ಕ ಅದರ ಮೇಲೆ ಹಾಲು ಚೆಲ್ಲಿಕೊಂಡಿದ್ದರು. ಅದನ್ನು ಒಗೆದು ಹಾಕಿ, ಬೂದು ಶಾಲು ಹೊದಿಸಿ ಕೆಲಸಕ್ಕೆ ಓಡಿ ಬಂದವರು, ಆಮೇಲೆ ಅದನ್ನು ಮರೆತವರು, ಮಾಸ್ತರರೇ. ಮಾಸ್ತರರು ಸ್ವೆಟರಿನ ಒದ್ದೆ ತೋಳನ್ನು ಹಿಡಿದು ನೋಡಿದರು. ಬಸ್ ನಿಲ್ದಾಣಕ್ಕೆ ಓಡಿದೆವು. ಬೆಂಚು ಖಾಲಿಯಿತ್ತು.

ಮರುದಿನ ನಿಲ್ದಾಣದ ಹಿಂದಿನ ಕಾಲುವೆಯಲ್ಲಿ ಅಕ್ಕನ ಹೆಣ ಸಿಕ್ಕಿತು. ಶಾಲು ಮೈಗೆ ಸುತ್ತಿಕೊಂಡೇ ಇತ್ತು.

ಪತ್ತೆಯಾದವರ ಸಂದೇಶ ರದ್ದು ಮಾಡಬೇಕು. ಅದರಲ್ಲಿ ತಪ್ಪಿದ್ದರೆ ಮೊದಲು ತಿದ್ದುಪಡಿ ಓದಬೇಕು. ನಾನು ಓದುತ್ತೇನೆ ಎಂದರೂ ಮಾಸ್ತರರು ಮೈಕ್ ಬಿಡಲಿಲ್ಲ. "ತಿದ್ದುಪಡಿ. ನೀಲಿ ಸ್ವೆಟರ್ ಇರಲಿಲ್ಲ. ಬೂದು ಶಾಲು. ಹೊದಿಸಿದ್ದು ತಮ್ಮನೇ."

ಎರಡು ಸಲ ಓದಿದರು. ಮೂರನೆಯ ಸಲ ದನಿ ಏಳಲಿಲ್ಲ. ಮೈಕ್ ಎಳೆದುಕೊಂಡು ನಾನೇ ಓದಿದೆ, ಕೊನೆಯ ಮಾತೊಂದನ್ನು ಬಿಟ್ಟು.

ಮಾಸ್ತರರು ನನ್ನ ಮಣಿಕಟ್ಟು ಹಿಡಿದರು.

"ಪೂರ್ತಿ ಓದು," ಎಂದರು.