ಎರಡು ತುಂಡಾಗಿದ್ದ ಜೀನ್

ಕೋವಿಡ್ ಇಳಿದ ಮರುವರ್ಷ ನಾನು ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಮೈಕ್ರೋಬಯಾಲಜಿ ಲ್ಯಾಬಿನ ಮುಖ್ಯಸ್ಥೆಯಾಗಿದ್ದೆ. ಆ ಬೇಸಿಗೆಯಲ್ಲಿ ಗೋಗಿ ಎಂಬ ಊರಿನ ಶಾಲಾ ಶಿಕ್ಷಕಿ ಮಹಾದೇವಿ ನಮ್ಮಲ್ಲಿ ದಾಖಲಾದರು. ಬೇರೆಡೆ ಕಿಡ್ನಿ ಕಲ್ಲಿನ ಆಪರೇಷನ್ ಆಗಿತ್ತು, ಸೋಂಕು ರಕ್ತಕ್ಕೇರಿತ್ತು. ಒಂದು ಕಿಡ್ನಿ ಆಗಲೇ ಕೈಕೊಟ್ಟಿತ್ತು.

ವಾರ್ಡಿನ ವೈದ್ಯರು ಮೆರೊಪೆನೆಮ್ ಎಂಬ ಬಲವಾದ ಆಂಟಿಬಯೋಟಿಕ್ ಕೊಡುತ್ತಿದ್ದರು. ಆದರೆ ಮಹಾದೇವಿಯವರ ರಕ್ತದಿಂದ ನಾವು ಬೆಳೆಸಿದ ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಆ ಔಷಧದ ಬಿಲ್ಲೆಗೆ ಅಂಟಿಕೊಂಡೇ ಹಬ್ಬಿತ್ತು. ಅಂದರೆ ಔಷಧ ನಾಟುತ್ತಿರಲಿಲ್ಲ. ಉಳಿದದ್ದು ಕೊಲಿಸ್ಟಿನ್. ಅದು ಕಿಡ್ನಿಗೇ ಪೆಟ್ಟು ಕೊಡುವಂಥದ್ದು.

"ಡಿಎನ್ಎ ನೋಡೇ ಬದಲ್ ಮಾಡೋಣ್ರಿ ಮೇಡಂ," ಎಂದರು ವೈದ್ಯರು.

ಆ ಬ್ಯಾಕ್ಟೀರಿಯಾದ ಮಾದರಿ ಡಿಎನ್ಎ ಓದಿಸಲು ಕಲಬುರಗಿಗೆ ಹೋಯಿತು. ಕಾಯುವ ದಿನಗಳಲ್ಲಿ ರಕ್ತ ತೆಗೆಯಲು ಹೋದಾಗ ಮಹಾದೇವಿ ಕೇಳಿದರು, "ಸಾಲಿ ಸುರು ಆಗಾದ್ರಾಗ ಮನಿಗಿ ಬಿಡ್ತೀರೇನ್ರಿ?" ನಾನು ಹೂಂ ಎಂದು ತಲೆಯಾಡಿಸಿದೆ.

ಡಿಎನ್ಎ ಫೈಲ್ ಬಂದ ಕೂಡಲೇ ಸಾಫ್ಟ್‌ವೇರಿಗೆ ಕೊಟ್ಟೆ. ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತೆ ಮಾಡುವ ಜೀನ್‌ಗಳ ಸಂಗ್ರಹ ಅದರಲ್ಲಿರುತ್ತದೆ. ನಾವು ಕೊಟ್ಟ ಡಿಎನ್ಎಯನ್ನು ಅದರೊಂದಿಗೆ ಹೋಲಿಸುತ್ತದೆ. ಮೆರೊಪೆನೆಮ್ ಸಾಲಿನ ಮುಂದೆ ಬಂದ ಉತ್ತರ: ಜೀನ್ ಇಲ್ಲ.

ವೈದ್ಯರು ಸಮಾಧಾನದ ಉಸಿರುಬಿಟ್ಟರು. "ಹಂಗಾರ ಪ್ಲೇಟೇ ತಪ್ಪಿರಬೇಕ್ರಿ."

"ಬೆಳದದ್ದು ಕಣ್ಣಿಗಿ ಕಾಣಾಕತ್ತದ. ಸ್ವಲ್ಪ ತಡೀರಿ," ಎಂದೆ.

ಡಿಎನ್ಎ ಇಡಿಯಾಗಿ ಬರುವುದಿಲ್ಲ, ತುಂಡುತುಂಡಾಗಿ ಬರುತ್ತದೆ. ನಮ್ಮ ಸಾಫ್ಟ್‌ವೇರ್ ಪೂರ್ತಿ ಜೀನ್ ಒಂದೇ ತುಂಡಿನಲ್ಲಿ ಸಿಕ್ಕರೆ ಮಾತ್ರ ಒಪ್ಪುತ್ತಿತ್ತು. ಅರೆಬರೆ ಹೋಲಿಕೆಯನ್ನೂ ತೋರಿಸುವ ಇನ್ನೊಂದು ಸಾಫ್ಟ್‌ವೇರಿಗೆ ಅದೇ ಫೈಲ್ ಕೊಟ್ಟೆ. ಮೆರೊಪೆನೆಮನ್ನು ಒಡೆದುಹಾಕುವ ಎನ್‌ಡಿಎಂ ಜೀನ್ ಎರಡು ತುಂಡುಗಳಲ್ಲಿ ಹಂಚಿಹೋಗಿತ್ತು.

ಆ ಮಧ್ಯಾಹ್ನವೇ ಕೊಲಿಸ್ಟಿನ್ ಶುರುವಾಯಿತು. ಜ್ವರ ಇಳಿಯಿತು. ಆದರೆ ಅಷ್ಟರಲ್ಲಿ ದೇಹ ಸೋತಿತ್ತು. ಇದ್ದ ಕಿಡ್ನಿಯೂ ನಿಂತಿತು. ಆ ವಾರವೇ ಮಹಾದೇವಿ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಅವರ ಗಂಡ ಶರಣಪ್ಪ ಲ್ಯಾಬಿನ ಬಾಗಿಲಲ್ಲಿ ನಿಂತರು. ಜಗಳಕ್ಕೆ ಬಂದಿರಲಿಲ್ಲ.

"ಪ್ಲೇಟಿನ್ಯಾಗ ಮೊದ್ಲೇ ಕಂಡಿತ್ತಂತಲ್ರಿ ಮೇಡಂ. ಮತ್ತ ಕಂಪ್ಯೂಟರ್ ಹೇಳಾತನಕ ಯಾಕ ಕಾದ್ರಿ?"

"ಇದ್ದೊಂದು ಕಿಡ್ನಿ ಉಳಸಬೇಕಂತ, ತಮ್ಮಾ."

"ಅದೂ ಉಳೀಲಿಲ್ಲ, ಆಕಿನೂ ಉಳೀಲಿಲ್ಲಲ್ರಿ," ಎಂದು ಶರಣಪ್ಪ ಮೆಟ್ಟಿಲಿಳಿದು ಹೋದರು.

ಮೊದಲೇ ಔಷಧ ಬದಲಿಸಿದ್ದರೆ ಬದುಕುತ್ತಿದ್ದರೇ? ಇಂದಿಗೂ ನನಗೆ ಗೊತ್ತಿಲ್ಲ. ಎರಡು ಪರೀಕ್ಷೆಗಳು ಎರಡು ಮಾತು ಹೇಳಿದಾಗ, ನಮಗೆ ಸಮಾಧಾನ ತರುವ ಮಾತನ್ನೇ ಮೊದಲು ಅನುಮಾನಿಸಬೇಕು. ಲ್ಯಾಬಿನ ಕೆಲಸ ನನಗೆ ಕಲಿಸಿದ್ದು ಇಷ್ಟು. ಆ ಪಾಠಕ್ಕೆ ಬೆಲೆ ತೆತ್ತವಳು ನಾನಲ್ಲ.